ಮೊದಲ ಮಣೆ ಯಾರಿಗೆ?

ಕಳೆದ ತಿಂಗಳ ಒಂದು ಶನಿವಾರ ಕರಿಘಟ್ಟದ ಶ್ರೀನಿವಾಸನ ದರ್ಶನಕ್ಕೆಂದು ನಾವು ಬೆಟ್ಟದ ಮೆಟ್ಟಿಲುಗಳನ್ನು ಹತ್ತಿದೆವು. ನೆತ್ತಿಯವರೆಗೆ ಮೋಟಾರು ರಸ್ತೆಯುಂಟು. ಆದರೂ ಮೆಟ್ಟಿಲು ಹತ್ತದೆ ಹೋದರೆ ದರ್ಶನ ಮಾಡಿದಂತೆ ನಮಗೆ ತೋರುವುದಿಲ್ಲ. ಅರ್ಧ ದಾರಿಯಲ್ಲಿ ನಮ್ಮ ಮಂಡಿಗಳು ಬೇರೊಂದು ಅಭಿಪ್ರಾಯವನ್ನು ತಾಳಿದುದರಿಂದ, ಕೆಳಗೆ ಹರಿಯುವ ಲೋಕಪಾವನಿಯನ್ನು ನೋಡುವ ನೆಪದಿಂದ ಕುಳಿತೆವು. ನಾಲ್ಕು ಮೆಟ್ಟಿಲು ಮೇಲೆ ಕಾಲೇಜಿನ ಇಬ್ಬರು ತರುಣರು ಬಲವಾದ ವಾಗ್ವಾದದಲ್ಲಿ ತೊಡಗಿದ್ದರು. ರಾಜಕೀಯವಿರಬಹುದೆಂದು ಕಿವಿಗೊಟ್ಟೆವು. ಅಲ್ಲ! ಅಮೆರಿಕದ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಕಲಿಸಿದ ಗುರುಗಳಲ್ಲಿ ಮೊದಲ ಮಣೆ ಯಾರಿಗೆ ಸಲ್ಲತಕ್ಕದ್ದು ಎಂಬುದೇ ಅವರ ವಿವಾದದ ವಿಷಯವಾಗಿತ್ತು. ಒಬ್ಬನು ಜಾನ್ ವುಡನ್ ಎಂದನು. ಮತ್ತೊಬ್ಬನು ಮೈಕ್ ಶಶೆಫ್‌ಸ್ಕಿ ಎಂದನು. ಇಬ್ಬರೂ ಸಂಖ್ಯೆಗಳನ್ನು ಪಂಚಾಂಗದಂತೆ ಒಪ್ಪಿಸುತ್ತಿದ್ದರು.

ಈ ಮಾತುಗಳನ್ನು ನಮಗಿಂತಲೂ ಆಸಕ್ತಿಯಿಂದ ಕೇಳುತ್ತಿದ್ದವರು ಪಕ್ಕದಲ್ಲಿ ಕುಳಿತಿದ್ದ ಗಂಜಾಂನ ಒಬ್ಬ ಗೃಹಸ್ಥರು. ಜೊತೆಯಲ್ಲಿ ಹದಿನಾಲ್ಕು ವರ್ಷದ ಮಗಳಿದ್ದಳು. ಅವರು ನಮ್ಮ ಕಡೆ ತಿರುಗಿ, "ಸ್ವಾಮಿ, ನಮ್ಮ ಹುಡುಗಿಯೂ ಇದೇ ಆಟ ಆಡುತ್ತಾಳೆ. ದೂರದ ಕ್ರೀಡಾ ವಸತಿನಿಲಯಕ್ಕೆ ಸೇರಿಸಿ ಎಂದು ಶಾಲೆಯವರು ಹೇಳುತ್ತಿದ್ದಾರೆ. ನಮ್ಮ ತಂದೆಯವರು ಗರಡಿಯಲ್ಲಿ ಸಾಮು ಮಾಡಿದವರು. ಅವರ ಕಾಲದಲ್ಲಿ ಒಳ್ಳೆಯ ಉಸ್ತಾದರು ಯಾರೆಂದರೆ ಊರಿಗೇ ಗೊತ್ತಿತ್ತು. ಈ ಆಟದಲ್ಲಿ ಗುರುವನ್ನು ಗುರುತಿಸುವುದು ಹೇಗೆ?" ಎಂದು ಕೇಳಿದರು. ತರುಣರ ಪ್ರಶ್ನೆಯೂ ಗೃಹಸ್ಥರ ಪ್ರಶ್ನೆಯೂ ಒಂದೇ ಎಂದು ನಮಗೆ ತೋರಿತು. ಈ ಪುಟದಲ್ಲಿ ಬರೆಯುವೆವೆಂದು ಅವರಿಗೆ ಮಾತು ಕೊಟ್ಟೆವು.

ವಾಚಕರಲ್ಲಿ ಅನೇಕರು ಈ ಆಟವನ್ನು ನೋಡಿರಬಹುದು. ಹತ್ತಡಿ ಎತ್ತರದಲ್ಲಿ ಒಂದು ಕಬ್ಬಿಣದ ಬಳೆ. ಅದರೊಳಗೆ ಚೆಂಡು ಬೀಳಬೇಕು. ೧೮೯೧ನೆಯ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ. ಎಂ. ಸಿ. ಎ. ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲದಲ್ಲಿ ಒಳಾಂಗಣದಲ್ಲಿಯೇ ಆಡಬಹುದಾದ ಆಟವೊಂದು ಬೇಕೆಂದು, ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಉಪ್ಪರಿಗೆಯ ಕಟಕಟೆಗೆ ಹೊಡೆದು, ಹದಿಮೂರು ನಿಯಮಗಳನ್ನು ಬರೆದು ಇದನ್ನು ಹುಟ್ಟಿಸಿದರು. ಆ ಬಳಿಕ ಅವರು ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ೧೯೦೭ರವರೆಗೆ ಅಲ್ಲಿಯ ತಂಡವನ್ನು ನಡೆಸಿದರು. ಗೆದ್ದ ಪಂದ್ಯಗಳು ೫೫, ಸೋತವು ೬೦. ಆಟವನ್ನು ಸೃಷ್ಟಿಸಿದ ಬ್ರಹ್ಮನೇ ಆ ವಿಶ್ವವಿದ್ಯಾನಿಲಯದ ಗುರುಗಳ ಪಟ್ಟಿಯಲ್ಲಿ ಗೆಲುವಿಗಿಂತ ಸೋಲನ್ನೇ ಹೆಚ್ಚಾಗಿ ಕಂಡ ಏಕೈಕ ವ್ಯಕ್ತಿ! ಗೆಲುವಿನ ಎಣಿಕೆಯೊಂದನ್ನೇ ನಂಬಿ ಮಣೆ ಹಾಕುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಅಮೆರಿಕದ ಕಾಲೇಜು ತಂಡದ ಗುರುವಿನ ಕೆಲಸ ನಮ್ಮ ಕಾಲೇಜುಗಳ ದೇಹಶಿಕ್ಷಣ ನಿರ್ದೇಶಕರ ಕೆಲಸದಂತಲ್ಲ. ಊರೂರು ತಿರುಗಿ ಪ್ರೌಢಶಾಲೆಯ ಹುಡುಗ ಹುಡುಗಿಯರನ್ನು ಆರಿಸುವುದು, ಅವರ ಮನೆಗೆ ಹೋಗಿ ತಾಯಿತಂದೆಗಳ ಎದುರು ಕುಳಿತು, 'ನಿಮ್ಮ ಮಗುವನ್ನು ನಾಲ್ಕು ವರ್ಷ ನನ್ನ ವಶಕ್ಕೆ ಕೊಡಿ, ಓದಿಸಿ ಆಡಿಸಿ ಕಳುಹಿಸುತ್ತೇನೆ' ಎಂದು ಒಪ್ಪಿಸುವುದು, ಇವೆಲ್ಲವೂ ಅವನ ಹೊಣೆ. ಆದುದರಿಂದ ಆ ತರುಣರ ಲೆಕ್ಕಾಚಾರವನ್ನು ಸಂಸಾರಿಗಳಾದ ನಾವು ನಮ್ಮ ಕಣ್ಣಿನಿಂದಲೂ ನೋಡಬಹುದಾಗಿದೆ.

ಸಂಖ್ಯೆಗಳನ್ನು ಮೊದಲು ಹೇಳಿ ಮುಗಿಸುವೆವು. ಶಶೆಫ್‌ಸ್ಕಿಯವರು ೨೦೨೨ರಲ್ಲಿ ನಿವೃತ್ತರಾದಾಗ ಗೆದ್ದ ಪಂದ್ಯಗಳು ೧,೨೦೨. ಸ್ಟಾನ್‌ಫರ್ಡಿನ ಟಾರಾ ವ್ಯಾನ್‌ಡರ್‌ವಿಯರ್ ಎಂಬ ಮಹಿಳೆ ೨೦೨೪ರಲ್ಲಿ ೧,೨೧೬ಕ್ಕೆ ನಿಲ್ಲಿಸಿದರು. ಅದೇ ವರ್ಷ ಕನೆಟಿಕಟ್ಟಿನ ಮಹಿಳಾ ತಂಡದ ಗುರು ಜೀನೊ ಒರಿಯೆಮಾ ಆ ಗಡಿಯನ್ನೂ ದಾಟಿದರು. ರಾಷ್ಟ್ರೀಯ ಪಂದ್ಯಾವಳಿಯ ವಿಜಯಗಳನ್ನು ಎಣಿಸುವುದಾದರೆ ವುಡನ್‌ರಿಗೆ ಹತ್ತು. ಒರಿಯೆಮಾರಿಗೆ ೨೦೨೫ರ ಹೊತ್ತಿಗೆ ಹನ್ನೆರಡು. ಆದರೆ ಹಿಂದಿನವರಿಗೆ ವರ್ಷಕ್ಕೆ ದೊರೆಯುತ್ತಿದ್ದ ಪಂದ್ಯಗಳು ಈಗಿನವಕ್ಕಿಂತ ಕಡಿಮೆ. ವುಡನ್‌ರ ಕಾಲದಲ್ಲಿ ನಾಲ್ಕೈದು ಪಂದ್ಯಗಳನ್ನು ಗೆದ್ದರೆ ಪಂದ್ಯಾವಳಿ ಕೈಸೇರುತ್ತಿತ್ತು. ೧೯೮೫ರಲ್ಲಿ ಪುರುಷರ ಪಂದ್ಯಾವಳಿಗೆ ಅರವತ್ತನಾಲ್ಕು ತಂಡಗಳಾದ ಮೇಲೆ ಆರನ್ನು ಗೆಲ್ಲಬೇಕು. ಸೇರಿನಿಂದ ಅಳೆದ ರಾಗಿಯನ್ನೂ ಕಿಲೋದಿಂದ ತೂಗಿದ ರಾಗಿಯನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದಂತಾಯಿತು. ಇನ್ನು ಸಂಖ್ಯೆಗಳನ್ನು ಅಷ್ಟಾಗಿ ನೆಚ್ಚುವುದಿಲ್ಲ.

ವುಡನ್ ಮಹಾಶಯರು ಇಂಡಿಯಾನದವರು. ಮೊದಲು ಪ್ರೌಢಶಾಲೆಯ ಇಂಗ್ಲಿಷ್ ಉಪಾಧ್ಯಾಯರು. ೧೯೪೮ರಲ್ಲಿ ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ಬಂದರು. ಮೊದಲ ರಾಷ್ಟ್ರವಿಜಯ ದೊರೆತುದು ೧೯೬೪ರಲ್ಲಿ, ಎಂದರೆ ಹದಿನಾರನೆಯ ಋತುವಿನಲ್ಲಿ. ಹದಿನೈದು ಋತುಗಳು ಅವರನ್ನು ಇಟ್ಟುಕೊಂಡು ಕಾದ ಸಂಸ್ಥೆಗೆ ಮುಂದಿನ ಹನ್ನೆರಡು ಋತುಗಳಲ್ಲಿ ಹತ್ತು ಸಲ ಕಿರೀಟ ಬಂದಿತು; ಅದರಲ್ಲಿ ೧೯೬೭ರಿಂದ ೧೯೭೩ರವರೆಗೆ ಎಡೆಬಿಡದೆ ಏಳು ಸಲ. ಇಂದು ಮೂರು ವರ್ಷ ಕಾಯುವವರಾದರೂ ಎಲ್ಲಿದ್ದಾರೆ?

ಅವರು ಪ್ರತಿ ವರ್ಷ ಮೊದಲ ದಿನ ಕಲಿಸುತ್ತಿದ್ದ ಪಾಠ ಕಾಲುಚೀಲ ಹಾಕಿಕೊಳ್ಳುವುದು. ದೇಶದಲ್ಲೇ ಹೆಸರು ಪಡೆದು ಬಂದ ತರುಣರನ್ನು ಕೂರಿಸಿ, ಚೀಲದಲ್ಲಿ ಸುಕ್ಕು ಉಳಿಯದಂತೆ ಬೆರಳುಗಳಿಂದ ಸವರಿ ಎಳೆಯುವುದನ್ನೂ ಪಾದರಕ್ಷೆಯ ದಾರವನ್ನು ಬಿಗಿಯುವುದನ್ನೂ ತಾವೇ ತೋರಿಸುತ್ತಿದ್ದರು. ಸುಕ್ಕಿನಿಂದ ಗುಳ್ಳೆ, ಗುಳ್ಳೆಯಿಂದ ಕುಂಟು, ಕುಂಟಿನಿಂದ ಸೋಲು. ಹೆಸರಾಂತ ಆಟಗಾರರು ಮೊದಲು ನಗುತ್ತಿದ್ದರಂತೆ. ಮುದುಕರಾದ ಮೇಲೆ ಅವರೇ ಈ ಕತೆಯನ್ನು ಹೆಮ್ಮೆಯಿಂದ ಹೇಳಿದರು.

ಇನ್ನೊಂದು ಸಂಗತಿ ನಮ್ಮ ಗೃಹಸ್ಥರಿಗೆ ಬಹಳ ಉಪಯೋಗವಾದುದು. ೧೯೭೪-೭೫ರಲ್ಲಿ ಥಾರ್ಪ್ ಮತ್ತು ಗ್ಯಾಲಿಮೋರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವುಡನ್‌ರ ಅಭ್ಯಾಸದ ವೇಳೆಯಲ್ಲಿ ಹದಿನೈದು ದಿನ ಕುಳಿತು, ಅವರು ಬಾಯಿ ತೆರೆದಾಗಲೆಲ್ಲ ಏನು ಹೇಳಿದರೆಂಬುದನ್ನು ಬರೆದುಕೊಂಡರು. ಒಟ್ಟು ೨,೩೨೬ ಮಾತುಗಳು. ಅವುಗಳಲ್ಲಿ ಮುಕ್ಕಾಲು ಪಾಲು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ನೇರವಾದ ಬೋಧನೆ. ಹೊಗಳಿಕೆ ನೂರಕ್ಕೆ ಏಳರಷ್ಟೂ ಇಲ್ಲ. ಅಸಮಾಧಾನವೂ ಸುಮಾರು ಅಷ್ಟೇ. ಬೈದು ಕಲಿಸುವವನು ಗುರುವೋ ಮುದ್ದಿಸಿ ಕಲಿಸುವವನೋ ಎಂದು ನಾವು ಮನೆಗಳಲ್ಲಿ ಜಗಳವಾಡುತ್ತಿರುವಾಗ, ಆತನು ಇವೆರಡಕ್ಕೂ ಹೊತ್ತನ್ನೇ ಕೊಡದೆ ಕಲಿಸುತ್ತಿದ್ದನು! ಈ ಎಣಿಕೆಯ ವೃತ್ತಾಂತವನ್ನು ಬೆಟ್ಟದ ಮೇಲೆಯೇ ಗಂಜಾಂನವರಿಗೆ ಹೇಳಿದೆವು. ಅವರು ಬೆರಳು ಮಡಿಸುತ್ತಾ ಕೇಳಿದರು.

ವುಡನ್‌ರ ಪಟದಲ್ಲಿ ಕಲೆಯಿಲ್ಲದಿಲ್ಲ. ಧನಿಕನಾದ ಹಿತೈಷಿಯೊಬ್ಬನು ಅವರ ಆಟಗಾರರಿಗೆ ನಿಯಮ ಮೀರಿ ಉಪಕಾರ ಮಾಡುತ್ತಿದ್ದನೆಂಬ ಆಕ್ಷೇಪವುಂಟು. ಗುರುಗಳು ಆ ಕಡೆ ಕಣ್ಣು ಹಾಯಿಸಬೇಕಿತ್ತೆಂಬುದು ನಮ್ಮ ಅಭಿಪ್ರಾಯ.

ಈಗ ಕ್ಯಾನ್ಸಸ್ಸಿನ ಪರಂಪರೆಗೆ ಬರುವೆವು. ನೈಸ್ಮಿತ್ತರ ತರುವಾಯ ಆ ತಂಡವನ್ನು ವಹಿಸಿಕೊಂಡವರು ಅವರ ಶಿಷ್ಯ ಫಾಗ್ ಆಲನ್. ಈ ಆಟವನ್ನು ಆಡಬಹುದೇ ಹೊರತು ಕಲಿಸಲಾಗದೆಂದು ನೈಸ್ಮಿತ್ ಹೇಳಿದರೆಂದೂ, ಕಲಿಸಬಹುದೆಂದು ತೋರಿಸಲು ಆಲನ್ ತಮ್ಮ ಆಯುಸ್ಸನ್ನೆಲ್ಲ ಕಳೆದರೆಂದೂ ಪ್ರತೀತಿ. ಆಲನ್‌ರ ಕೈಕೆಳಗೆ ಆಡಿದವರು ಅಡಾಲ್ಫ್ ರಪ್ ಮತ್ತು ಡೀನ್ ಸ್ಮಿತ್. ರಪ್ ಗುರುವಿನ ಲೆಕ್ಕವನ್ನು ಮೀರಿ ೮೭೬ ಗೆದ್ದರು. ೧೯೯೭ರಲ್ಲಿ ಸ್ಮಿತ್ ಅದನ್ನು ಮೀರಿ ೮೭೯ಕ್ಕೆ ನಿಂತರು. ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ನಮ್ಮ ಹಿರಿಯರು ಹೇಳಿದ್ದು ಪರದೇಶದ ಅಂಗಳದಲ್ಲಿಯೂ ನಡೆಯಿತು.

ಆದರೆ ರಪ್‌ರನ್ನು ನಾವು ಮೇಲಿನ ಪಂಕ್ತಿಯಲ್ಲಿ ಕೂರಿಸಲಾರೆವು. ಕೆಂಟಕಿಯ ತಂಡವನ್ನು ೧೯೩೦ರಿಂದ ೧೯೭೨ರವರೆಗೆ ನಡೆಸಿ ನಾಲ್ಕು ರಾಷ್ಟ್ರವಿಜಯಗಳನ್ನು ತಂದವರು, ನಿಜ. ೧೯೬೬ರ ಅಂತಿಮ ಪಂದ್ಯದಲ್ಲಿ ಅವರ ತಂಡದಲ್ಲಿ ಇದ್ದವರೆಲ್ಲ ಬಿಳಿಯರು. ಎದುರಿಗೆ ಟೆಕ್ಸಸ್ ವೆಸ್ಟರ್ನ್ ಎಂಬ ಅಷ್ಟೇನೂ ಹೆಸರಿಲ್ಲದ ಕಾಲೇಜು; ಅದರ ಗುರು ಡಾನ್ ಹ್ಯಾಸ್ಕಿನ್ಸ್ ಮೊದಲಿಗೆ ಇಳಿಸಿದ ಐವರೂ ಕಪ್ಪುವರ್ಣೀಯರು. ಆ ಐವರ ತಂಡವೇ ಗೆದ್ದಿತು. ಅದಾದ ಮೇಲೂ ರಪ್‌ರ ತಂಡಕ್ಕೆ ಒಬ್ಬ ಕಪ್ಪು ತರುಣನು ಒಪ್ಪಿಗೆಯ ಸಹಿ ಹಾಕಿದುದು ೧೯೬೯ರಲ್ಲಿ. ಊರಿನ ಅರ್ಧ ಮಕ್ಕಳಿಗೆ ಬಾಗಿಲು ಹಾಕಿ ಮಿಕ್ಕ ಅರ್ಧಕ್ಕೆ ಕಲಿಸಿದವನ ಅಂಕಗಳನ್ನು ನಾವು ಅರ್ಧಕ್ಕೇ ಎಣಿಸುವೆವು.

ಅದೇ ಕ್ಯಾನ್ಸಸ್ಸಿನಿಂದಲೇ ಹೊರಟ ಇನ್ನೊಬ್ಬರ ಹೆಸರನ್ನು ಮೆಟ್ಟಿಲ ಮೇಲಿನ ತರುಣರು ಎತ್ತಲಿಲ್ಲ. ಜಾನ್ ಮಕ್‌ಲೆಂಡನ್ ಎಂಬ ಕಪ್ಪುವರ್ಣೀಯ ವಿದ್ಯಾರ್ಥಿ ೧೯೩೦ರ ದಶಕದಲ್ಲಿ ಅಲ್ಲಿ ದೇಹಶಿಕ್ಷಣವನ್ನು ಓದುತ್ತಿದ್ದರು. ವರ್ಣದ ಕಾರಣ ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡುವಂತಿರಲಿಲ್ಲ. ಆದರೆ ವೃದ್ಧರಾದ ನೈಸ್ಮಿತ್ ಅವರನ್ನು ಶಿಷ್ಯನೆಂದು ಸ್ವೀಕರಿಸಿ, ಬಲ್ಲುದನ್ನೆಲ್ಲ ಹೇಳಿಕೊಟ್ಟರು. ವಾಚಕರು ಏಕಲವ್ಯನನ್ನು ನೆನೆಯುವರು; ಇಲ್ಲಿಯ ದ್ರೋಣನು ಹೆಬ್ಬೆರಳನ್ನು ಕೇಳಲಿಲ್ಲ. ಮಕ್‌ಲೆಂಡನ್ ಮುಂದೆ ಉತ್ತರ ಕ್ಯಾರೊಲೈನದ ಡರಮ್ ಎಂಬ ಊರಿನಲ್ಲಿ ಕಪ್ಪುಜನರ ಕಾಲೇಜಿನ ಗುರುಗಳಾದರು. ಆ ಸೀಮೆಯಲ್ಲಿ ಕಪ್ಪು ತರುಣರೂ ಬಿಳಿಯ ತರುಣರೂ ಕೂಡಿ ಆಡುವುದು ನಿಷಿದ್ಧವಾಗಿತ್ತು. ೧೯೪೪ನೆಯ ಮಾರ್ಚ್ ೧೨ರ ಭಾನುವಾರ ಬೆಳಿಗ್ಗೆ, ಊರೆಲ್ಲ ಚರ್ಚಿಗೆ ಹೋಗಿದ್ದ ಹೊತ್ತಿನಲ್ಲಿ, ಡ್ಯೂಕ್ ವಿಶ್ವವಿದ್ಯಾನಿಲಯದ ವೈದ್ಯವಿದ್ಯಾರ್ಥಿಗಳ ತಂಡವು ಗುಟ್ಟಾಗಿ ಅವರ ಅಂಗಣಕ್ಕೆ ಬಂದಿತು. ಬಾಗಿಲು ಹಾಕಿ, ಪ್ರೇಕ್ಷಕರಿಲ್ಲದೆ ಪಂದ್ಯ ನಡೆಯಿತು. ಮಕ್‌ಲೆಂಡನ್‌ರ ಹುಡುಗರು ೮೮, ಬಂದವರು ೪೪. ಬಳಿಕ ಹುಡುಗರು ತಾವಾಗಿಯೇ ಎರಡು ತಂಡಗಳನ್ನೂ ಕಲಸಿ ಮತ್ತೊಂದು ಆಟ ಆಡಿದರು. ಈ ಸಂಗತಿ ಹೊರಗಿನ ಜಗತ್ತಿಗೆ ತಿಳಿದುದು ಐವತ್ತು ವರ್ಷಗಳಾದ ಮೇಲೆ. ೧೯೫೭, ೧೯೫೮, ೧೯೫೯ ಹೀಗೆ ಮೂರು ವರ್ಷ ಒಂದೇ ಸಮನೆ ಅವರ ಟೆನೆಸಿಯ ತಂಡವು ಸಣ್ಣ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಯನ್ನು ಗೆದ್ದಿತು. ಆದರೂ ಆಟದ ಕೀರ್ತಿಮಂದಿರದಲ್ಲಿ ಗುರುವೆಂಬ ಹೆಸರಿನಿಂದ ಅವರಿಗೆ ಸ್ಥಾನ ದೊರೆತುದು ೨೦೧೬ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಡೀನ್ ಸ್ಮಿತ್‌ರ ವಿಷಯ ಸಂಸಾರಿಗಳಿಗೆ ಹಿಡಿಸುವಂಥದು. ೧೯೬೫ರಲ್ಲಿ ತಂಡ ಸೋತು ಬಂದಾಗ ವಿದ್ಯಾರ್ಥಿಗಳು ಅವರ ಗೊಂಬೆಯನ್ನು ಮಾಡಿ ನೇಣು ಹಾಕಿದ್ದರು. ಮೂವತ್ತೆರಡು ವರ್ಷಗಳ ಮೇಲೆ ಅದೇ ಅಂಗಳದಿಂದ ಅವರು ಪೂಜ್ಯರಾಗಿ ನಿವೃತ್ತರಾದರು. ಚೆಂಡನ್ನು ಬಳೆಗೆ ಹಾಕಿದವನು, ಅದನ್ನು ತನಗೆ ಒಪ್ಪಿಸಿದ ಜೊತೆಗಾರನ ಕಡೆ ಬೆರಳು ತೋರಿಸಿ ಕೃತಜ್ಞತೆ ಸೂಚಿಸಬೇಕೆಂಬುದು ಅವರ ಕಟ್ಟಳೆ. ಅಡಿಗೆ ಚೆನ್ನಾಗಿದೆಯೆಂದು ಬಡಿಸಿದವಳನ್ನು ಹೊಗಳುವ ನೆಂಟರು, ಒಳಗೆ ಕಾಯಿ ತುರಿದವಳನ್ನೂ ನೆನೆದಂತೆ! ಅವರ ಶಿಷ್ಯರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಪದವಿ ಪಡೆದರು. ೨೦೧೫ರಲ್ಲಿ ಅವರು ತೀರಿಕೊಂಡ ಬಳಿಕ ಸುಮಾರು ನೂರೆಂಬತ್ತು ಮಂದಿ ಹಳೆಯ ಶಿಷ್ಯರಿಗೆ ಒಂದೊಂದು ಲಕೋಟೆ ಬಂದಿತು. ಉಯಿಲಿನ ಪ್ರಕಾರ ತಲೆಗೆ ಇನ್ನೂರು ಡಾಲರು. ಗುರುಗಳ ಲೆಕ್ಕದಲ್ಲಿ ಒಂದು ಊಟ ಮಾಡಿ ಎಂದು.

ಬಾಬ್ ನೈಟ್ ಎಂಬವರನ್ನು ಬಿಟ್ಟರೆ ನಮ್ಮ ಪಟ್ಟಿ ಅಪ್ರಾಮಾಣಿಕವಾದೀತು. ಇಂಡಿಯಾನದಲ್ಲಿ ಮೂರು ರಾಷ್ಟ್ರವಿಜಯಗಳು. ೧೯೭೬ರಲ್ಲಿ ಮೂವತ್ತೆರಡು ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಆಟದ ಸೂಕ್ಷ್ಮವನ್ನು ಅವರಷ್ಟು ಬಲ್ಲವರು ವಿರಳ. ಆದರೆ ೧೯೮೫ರಲ್ಲಿ ತೀರ್ಪುಗಾರರ ಮೇಲಿನ ಕೋಪದಿಂದ ಕುರ್ಚಿಯನ್ನೆತ್ತಿ ಅಂಗಣಕ್ಕೆಸೆದರು. ಅಭ್ಯಾಸದಲ್ಲಿ ಆಟಗಾರನೊಬ್ಬನ ಕತ್ತಿಗೆ ಕೈ ಹಾಕಿದುದು ಚಲಚ್ಚಿತ್ರದಲ್ಲಿ ಕಾಣಿಸಿಕೊಂಡಿತು. ೨೦೦೦ದಲ್ಲಿ ವಿಶ್ವವಿದ್ಯಾನಿಲಯವು ಅವರನ್ನು ತೆಗೆದುಹಾಕಿತು. ಶಿಷ್ಯರನೇಕರು ಕೊನೆಯವರೆಗೂ ಅವರನ್ನು ಬಿಟ್ಟುಕೊಡಲಿಲ್ಲವೆಂಬುದನ್ನೂ ಹೇಳಬೇಕು. 'ಪೆಟ್ಟಿಲ್ಲದೆ ವಿದ್ಯೆಯಿಲ್ಲ' ಎನ್ನುವ ಹಿರಿಯರು ನಮ್ಮ ಕಡೆಯೂ ಇದ್ದಾರೆ. ನಾವೂ ಚಿಕ್ಕಂದಿನಲ್ಲಿ ಪೆಟ್ಟು ತಿಂದವರೇ. ತಿಂದ ಪೆಟ್ಟು ನೆನಪಿದೆ, ಅಂದಿನ ಪಾಠ ನೆನಪಿಲ್ಲ.

ಶಶೆಫ್‌ಸ್ಕಿ ಇದೇ ನೈಟ್‌ರ ಕೈಕೆಳಗೆ ಸೈನ್ಯದ ವಿದ್ಯಾಲಯದಲ್ಲಿ ಆಡಿದವರು. ೧೯೮೦ರಲ್ಲಿ ಡ್ಯೂಕಿಗೆ ಬಂದು ಮೊದಲ ಮೂರು ಋತುಗಳಲ್ಲಿ ೩೮ ಗೆದ್ದು ೪೭ ಸೋತರು. ತೆಗೆಯಿರೆಂಬ ಕೂಗೆದ್ದರೂ ಅಧಿಕಾರಿಗಳು ಉಳಿಸಿಕೊಂಡರು. ಐದು ರಾಷ್ಟ್ರವಿಜಯಗಳೂ, ಅಮೆರಿಕದ ತಂಡಕ್ಕೆ ೨೦೦೮, ೨೦೧೨, ೨೦೧೬ರ ಒಲಿಂಪಿಕ್ ಚಿನ್ನಗಳೂ ಆ ತಾಳ್ಮೆಯ ಫಲ. ಗುರುವಿನಿಂದ ಕಟ್ಟುನಿಟ್ಟನ್ನು ತೆಗೆದುಕೊಂಡು ಕುರ್ಚಿಯೆಸೆತವನ್ನು ಅಲ್ಲಿಯೇ ಬಿಟ್ಟು ಬಂದುದು ಅವರ ಜಾಣತನ.

ಕೊನೆಗೆ ಉಳಿದವರು ನಮ್ಮ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದವರು. ಟೆನೆಸಿಯ ಒಂದು ಹೈನಿನ ಹೊಲದ ಮನೆಯಲ್ಲಿ ಹುಟ್ಟಿ, ಅಣ್ಣಂದಿರೊಡನೆ ಹುಲ್ಲು ಹೊತ್ತು ಬೆಳೆದ ಪ್ಯಾಟ್ ಸಮಿಟ್ ೧೯೭೪ರಲ್ಲಿ ಟೆನೆಸಿ ವಿಶ್ವವಿದ್ಯಾನಿಲಯದ ಹೆಣ್ಣುಮಕ್ಕಳ ತಂಡಕ್ಕೆ ಗುರುವಾದಾಗ ಅವರಿಗೆ ಇಪ್ಪತ್ತೆರಡು ವರ್ಷ. ಶಿಷ್ಯೆಯರಲ್ಲಿ ಕೆಲವರು ಅವರಿಗಿಂತ ಒಂದೇ ವರ್ಷ ಕಿರಿಯರು. ತಿಂಗಳಿಗೆ ೨೫೦ ಡಾಲರು ಸಂಬಳ. ವ್ಯಾನನ್ನು ನಡೆಸುವವರೂ ಅವರೇ, ಆಟದ ಬಟ್ಟೆಗಳನ್ನು ಒಗೆಯುವವರೂ ಅವರೇ. ಮೊದಲನೆಯ ಪಂದ್ಯವನ್ನು ಒಂದು ಅಂಕದಿಂದ ಸೋತರು. ಮೂವತ್ತೆಂಟು ಋತುಗಳ ಬಳಿಕ ಗೆಲುವು ೧,೦೯೮, ರಾಷ್ಟ್ರವಿಜಯ ಎಂಟು. ಸೋಲು ಗೆಲುವನ್ನು ಮೀರಿದ ಒಂದು ಋತುವೂ ಇಲ್ಲ.

ತರಗತಿಯಲ್ಲಿ ತಮ್ಮ ಹುಡುಗಿಯರು ಮುಂದಿನ ಮೂರು ಸಾಲುಗಳಲ್ಲಿಯೇ ಕೂರಬೇಕು, ಒಂದು ಪಾಠವನ್ನೂ ತಪ್ಪಿಸಕೂಡದು ಎಂಬುದು ಅವರ ಆಜ್ಞೆ. ಆಟದ ಅವಧಿಯನ್ನು ಪೂರೈಸಿದ ಶಿಷ್ಯೆಯರೆಲ್ಲರೂ ಪದವೀಧರೆಯರಾದರು. ನೂರಕ್ಕೆ ತೊಂಬತ್ತೈದಲ್ಲ, ಎಲ್ಲರೂ. ಅವರ ಕಟುವಾದ ದೃಷ್ಟಿಯೊಂದು ಪ್ರಸಿದ್ಧವಾಗಿತ್ತು. ಅದು ಬಿದ್ದರೆ ಆರಡಿಯ ಹುಡುಗಿಯರೂ ನೆಲ ನೋಡುತ್ತಿದ್ದರಂತೆ. ೧೯೯೦ರಲ್ಲಿ ತುಂಬು ಗರ್ಭಿಣಿಯಾಗಿ ದೂರದ ಪೆನ್ಸಿಲ್ವೇನಿಯಕ್ಕೆ ಒಬ್ಬ ಹುಡುಗಿಯ ಮನೆಗೆ ಹೋಗಿದ್ದಾಗ ಹೆರಿಗೆಯ ಸೂಚನೆ ಕಾಣಿಸಿತು. ವಿಮಾನವನ್ನು ನಡುವೆ ಇಳಿಸುವೆವೆಂದರೂ ಒಪ್ಪದೆ, ಮಗು ಟೆನೆಸಿಯಲ್ಲಿಯೇ ಹುಟ್ಟಬೇಕೆಂದು ಹಟ ಹಿಡಿದು ಊರು ಸೇರಿದರು. ಮಗನು ಅಲ್ಲಿಯೇ ಹುಟ್ಟಿದನು. ಇದನ್ನು ನಮ್ಮ ಮನೆಯಲ್ಲಿ ಓದಿ ಹೇಳಿದಾಗ, "ಅದು ಸಾಹಸವಲ್ಲ, ಅವಿವೇಕ" ಎಂಬ ತೀರ್ಪು ಒಳಗಿನಿಂದ ಬಂದಿತು. ನಾವು ಪ್ರತಿ ಹೇಳಲಿಲ್ಲ.

೨೦೧೧ರಲ್ಲಿ, ಇನ್ನೂ ಅರವತ್ತು ತುಂಬುವ ಮೊದಲೇ, ಅವರಿಗೆ ಮರೆವಿನ ರೋಗವಾದ ಆಲ್ಜೈಮರ್ ತಗುಲಿತೆಂದು ವೈದ್ಯರು ಹೇಳಿದರು. ಅದನ್ನು ಮುಚ್ಚಿಡದೆ ಲೋಕಕ್ಕೆ ತಿಳಿಸಿ ಮತ್ತೊಂದು ಋತುವನ್ನು ನಡೆಸಿದರು. ೨೦೧೬ರಲ್ಲಿ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ವಿದ್ಯಾಲಯಗಳ ಆಟಗಳಲ್ಲಿ ಸಮಾನ ಅವಕಾಶ ಕೊಡಬೇಕೆಂಬ ಕಾನೂನು ಬಂದುದೇ ೧೯೭೨ರಲ್ಲಿ. ಅಲ್ಲಿಂದ ಎರಡು ವರ್ಷಕ್ಕೆ ಬರಿಗೈಯಲ್ಲಿ ಕೆಲಸಕ್ಕೆ ಇಳಿದ ಇವರಿಗೆ, ಸಿದ್ಧವಾದ ಸಿಂಹಾಸನವನ್ನು ಏರಿದವರಿಗಿಂತ ಹೆಚ್ಚಿನ ಅಂಕ ಸಲ್ಲಬೇಕು.

ಆದುದರಿಂದ ನಮ್ಮ ಮೊದಲ ಮಣೆ ಸಮಿಟ್‌ರಿಗೆ, ಎರಡನೆಯದು ವುಡನ್‌ರಿಗೆ. ಮೂರನೆಯದನ್ನು ಮಕ್‌ಲೆಂಡನ್‌ರಿಗೆ ಹಾಕುವೆವು. ಇದಕ್ಕೆ ತರುಣರು ನಗಬಹುದು. ಸ್ಮಿತ್, ಶಶೆಫ್‌ಸ್ಕಿ, ಒರಿಯೆಮಾ ಆ ಬಳಿಕ. ಈ ಮೂವರಲ್ಲಿ ಯಾರು ಮುಂದೆಂದು ನಾಳೆ ಕೇಳಿದರೆ ನಮ್ಮ ಉತ್ತರ ಬದಲಾದೀತು. ನೈಟ್ ಪಡಸಾಲೆಯ ಕೊನೆಯಲ್ಲಿ. ಕುರ್ಚಿ ಕೊಡುವುದಿಲ್ಲ.

ನಮ್ಮಲ್ಲಿ ಇಂಥ ಪಂಕ್ತಿಯನ್ನು ಹಾಕುವವರಿಲ್ಲ. ಮದರಾಸಿನಲ್ಲಿ ಎಚ್. ಸಿ. ಬಕ್ ಎಂಬವರು ೧೯೨೦ರಲ್ಲಿ ವೈ. ಎಂ. ಸಿ. ಎ. ದೇಹಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ದಕ್ಷಿಣದ ಶಾಲೆಗಳಿಗೆ ವ್ಯಾಯಾಮ ಶಿಕ್ಷಕರು ಅಲ್ಲಿಂದ ಹೊರಟರು. ಗುರುಗಳಿಗೆಂದು ಕೇಂದ್ರ ಸರ್ಕಾರವು ದ್ರೋಣಾಚಾರ್ಯ ಪ್ರಶಸ್ತಿಯನ್ನು ಏರ್ಪಡಿಸಿದುದು ೧೯೮೫ರಲ್ಲಿ, ಪಿ. ಟಿ. ಉಷಾ ಅವರ ಗುರು ಒ. ಎಂ. ನಂಬಿಯಾರ್ ಮೊದಲ ವರ್ಷವೇ ಪಡೆದರು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಶಕಗಳ ಕಾಲ ಓಟಗಾರರನ್ನು ತಿದ್ದಿದ ಎನ್. ಲಿಂಗಪ್ಪನವರಿಗೆ ಅದು ದೊರೆತುದು ೨೦೧೪ರಲ್ಲಿ, ಮುಪ್ಪಿನ ಕಾಲದಲ್ಲಿ. ಶಿಷ್ಯನು ಪದಕ ತಂದ ಬಳಿಕವೇ ಗುರುವಿನ ವಿಳಾಸವನ್ನು ಹುಡುಕುವುದು ನಮ್ಮ ಪದ್ಧತಿ. ೨೦೧೭ರಲ್ಲಿ ಬೆಂಗಳೂರಿನಲ್ಲಿಯೇ ಭಾರತದ ಮಹಿಳೆಯರು ಏಷ್ಯಾದ ಎರಡನೆಯ ದರ್ಜೆಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ಗೆದ್ದು ಮೇಲಿನ ದರ್ಜೆಗೆ ಏರಿದರು. ಆ ಹೆಣ್ಣುಮಕ್ಕಳಿಗೆ ಶಾಲೆಯ ಅಂಗಳದಲ್ಲಿ ಮೊದಲು ಚೆಂಡು ಹಿಡಿಸಿದವರು ಯಾರೆಂದು ಯಾವ ಪತ್ರಿಕೆಯಲ್ಲಿಯೂ ನಾವು ಓದಲಿಲ್ಲ.

ಇಷ್ಟು ಬರೆದು ಅಚ್ಚಿಗೆ ಕಳುಹಿಸುವ ಮುನ್ನ ಗಂಜಾಂನವರು ದೂರವಾಣಿಯಲ್ಲಿ ಮಾತನಾಡಿದರು. ಅವರು ಎರಡು ಕಡೆ ಹೋಗಿ ಎರಡು ಸಂಜೆ ಅಂಗಳದ ಪಕ್ಕದಲ್ಲಿ ಕುಳಿತು, ನಾವು ಹೇಳಿದಂತೆ ಎಣಿಸಿದರಂತೆ. ಮೊದಲನೆಯ ಕಡೆ ಶಿಕ್ಷಕರು ಒಂದು ಗಂಟೆಯಲ್ಲಿ ಹುಡುಗಿಯರನ್ನು ಹನ್ನೊಂದು ಸಲ 'ಎಮ್ಮೆ' ಎಂದರು. ಹೀಗೆ ಹಿಡಿ, ಹಾಗೆ ತಿರುಗು ಎಂದುದು ಮೂರೇ ಸಲ. ಗೋಡೆಯ ಮೇಲೆ ಪದಕಗಳ ಪಟ್ಟಿ ಉದ್ದವಾಗಿತ್ತು. ಎರಡನೆಯ ಕಡೆ ಪಟ್ಟಿ ಚಿಕ್ಕದು. ಅಲ್ಲಿಯ ಶಿಕ್ಷಕಿ ಆಟವನ್ನು ಮತ್ತೆ ಮತ್ತೆ ನಿಲ್ಲಿಸಿ, ಮಗುವಿನ ಮೊಣಕೈಯನ್ನು ಹಿಡಿದು ತಿದ್ದಿ, ಪುನಃ ಆಡಿಸುತ್ತಿದ್ದರು. "ನಲವತ್ತರವರೆಗೆ ಎಣಿಸಿ ಬಿಟ್ಟುಬಿಟ್ಟೆ ಸ್ವಾಮಿ" ಎಂದರು.

"ಹಾಗಾದರೆ ನಿಶ್ಚಯವಾಯಿತೆ?" ಎಂದು ಕೇಳಿದೆವು.

"ಎಲ್ಲಿಯ ನಿಶ್ಚಯ! ರಾತ್ರಿ ವಸತಿನಿಲಯದಲ್ಲಿ ಮಕ್ಕಳ ಜೊತೆ ಯಾರು ಮಲಗುತ್ತಾರೆ ಅಂತ ವಿಚಾರಿಸಿಕೊಂಡು ಬನ್ನಿ ಎಂದು ನಮ್ಮ ಮನೆಯವರು ಹೇಳಿದ್ದರು. ಎಣಿಸುವ ಭರದಲ್ಲಿ ಅದನ್ನೇ ಮರೆತೆ. ಸೋಮವಾರ ಅವರೇ ಬರುತ್ತಾರಂತೆ" ಎಂದರು.